ನಾಲ್ಕು ಮನೆಗೊಂದು ಸ್ಟೆಪ್ನಿ

ಮೊಳೆಯೇನೂ ದೊಡ್ಡದಾಗಿರಲಿಲ್ಲ. ಗೋಡೆಗೆ ಕ್ಯಾಲೆಂಡರ್ ತೂಗುಹಾಕಲು ಹೊಡೆಯುತ್ತಾರಲ್ಲ, ಅಂಥದ್ದು. ಅದು ಹೊಕ್ಕಿದ್ದು ಕಾರಿನ ಹಿಂದಿನ ಎಡಗಡೆ ಚಕ್ರಕ್ಕೆ; ಗಾಳಿ ಹೋಗಿದ್ದು ರಿಜಿಸ್ಟರಪ್ಪನಿಗೆ.

ಅದೂ ಒಂದೇ ಸಲಕ್ಕೆ ಅಲ್ಲ. ಮೊದಲ ಹತ್ತು ನಿಮಿಷ ಅವನು ನಗುತ್ತಲೇ ಇದ್ದ.

ರಿಜಿಸ್ಟರಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ದೊಡ್ಡಾಸ್ಪತ್ರೆಯ ಉಗ್ರಾಣ ಅವನ ಕೈಯಲ್ಲಿತ್ತು. ಹತ್ತಿಯ ಸುರುಳಿಯಿಂದ ಗಾಲಿಕುರ್ಚಿಯವರೆಗೆ ಎಲ್ಲಕ್ಕೂ ನಂಬರು, ಎಲ್ಲಕ್ಕೂ ರಿಜಿಸ್ಟರಿನಲ್ಲಿ ಒಂದು ಸಾಲು. ‘ರಿಜಿಸ್ಟರಿನಲ್ಲಿ ಇಲ್ಲದ್ದು ನಡೆದೇ ಇಲ್ಲ’ ಎನ್ನುವುದು ಅವನ ಬದುಕಿನ ಸಿದ್ಧಾಂತ. ಆಸ್ಪತ್ರೆಯ ಗೋಡೆಗೆ ಅದನ್ನು ಬರೆಸಿ ಹಾಕಿದ್ದ. ಸಾಯುವ ಮುಂಚೆ ಒಂದು ಎಂಟ್ರಿ ಮಾಡಿಸಿ ಹೋಗಬೇಕೆಂದು ಕಾಂಪೌಂಡರುಗಳು ತಮಾಷೆ ಮಾಡುತ್ತಿದ್ದರು.

ಮನೆಯಲ್ಲೂ ಅದೇ ಆಡಳಿತ. ಛತ್ರಿಗಳು ಒಂದರಿಂದ ಐದು, ಬೆಡ್‌ಶೀಟುಗಳು ಒಂದರಿಂದ ಹನ್ನೊಂದು. ಕಾರಿನ ನಾಲ್ಕು ಚಕ್ರಗಳ ಒಳಮಗ್ಗುಲಿಗೂ ಬಿಳಿ ಬಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು. ಅವನು ಬರೆಯುವ ಮೂರಕ್ಕೆ ಬೆಕ್ಕಿನ ಬಾಲದಂತೆ ಕೊನೆಯಲ್ಲೊಂದು ಸುರುಳಿ ಇರುತ್ತಿತ್ತು.

“ಸದ್ಯ, ನಂಗೊಂದು ನಂಬರ್ ಹಾಕಿಲ್ಲ” ಎನ್ನುತ್ತಿದ್ದಳು ಹೆಂಡತಿ.

“ಒಂದೇ ಒಂದು ಇರೋ ವಸ್ತುವಿಗೆ ನಂಬರ್ ಬೇಕಾಗಲ್ಲ ಕಣೇ” ಎಂದು ಅವನು ಗಂಭೀರವಾಗಿಯೇ ಸಮಾಧಾನ ಮಾಡುತ್ತಿದ್ದ.

ಅವರಿದ್ದ ಕಟ್ಟಡದಲ್ಲಿ ನಾಲ್ಕು ಮನೆ. ರಿಜಿಸ್ಟರಪ್ಪ, ಹಲ್ಲಿನ ಡಾಕ್ಟರು, ಡ್ರಾಯಿಂಗ್ ಮೇಷ್ಟ್ರು, ಪೋಸ್ಟಾಫೀಸಿನ ಮೇಡಂ. ನಾಲ್ವರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಬಗೆಯ ಕಾರು ಕೊಂಡಿದ್ದರು. ಸಾಲಾಗಿ ನಿಲ್ಲಿಸಿದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಾಲ್ಕು ಮಕ್ಕಳ ಹಾಗೆ ಕಾಣುತ್ತಿದ್ದವು. ಹೋದ ವರ್ಷ ಒಂದು ಬೆಳಿಗ್ಗೆ ರಿಜಿಸ್ಟರಪ್ಪ ನಾಲ್ಕೂ ಡಿಕ್ಕಿ ತೆಗೆಸಿ ನೋಡಿದ. ನಾಲ್ಕರಲ್ಲೂ ಒಂದೊಂದು ಸ್ಟೆಪ್ನಿ ಅಂಗಾತ ಮಲಗಿತ್ತು.

“ನೋಡಿ ಹೇಗೆ ಮಲಗಿವೆ! ಆರು ವರ್ಷದಿಂದ ಕೆಲಸವಿಲ್ಲದೆ ಊರು ಸುತ್ತುತಾ ಇವೆ” ಎಂದ. ಆರು ವರ್ಷದ ಪಂಕ್ಚರುಗಳನ್ನೆಲ್ಲ ಕೆದಕಿ ಪಟ್ಟಿ ಮಾಡಿದ. ನಾಲ್ಕು ಕಾರಿಗೆ ಸೇರಿ ಏಳು. ಒಂದೇ ದಿನ ಎರಡು ಕಾರಿಗೆ ಆಗಿದ್ದು? ಸೊನ್ನೆ. “ಅಂದ್ಮೇಲೆ ನಾಲ್ಕು ಮನೆಗೆ ಒಂದು ಸ್ಟೆಪ್ನಿ ಸಾಕೇ ಸಾಕು!”

ಹೀಗೆ ಸಾಮೂಹಿಕ ಸ್ಟೆಪ್ನಿ ಯೋಜನೆ ಹುಟ್ಟಿತು. ಡಾಕ್ಟರ ಸ್ಟೆಪ್ನಿ ಒಮ್ಮೆಯೂ ನೆಲ ಕಾಣದ್ದಾದ್ದರಿಂದ ಅದನ್ನೇ ಆರಿಸಿದರು. ಡ್ರಾಯಿಂಗ್ ಮೇಷ್ಟ್ರು ಅದರ ಒಳಮಗ್ಗುಲಿಗೆ ಹಳದಿ ಬಣ್ಣದಲ್ಲಿ ‘ಸಾಮೂಹಿಕ ಸ್ವತ್ತು’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಅದು, ಜೊತೆಗೆ ಒಂದು ಜಾಕಿ, ಒಂದು ಸ್ಪಾನರ್. ನಾಲ್ಕು ಮನೆಗೂ ಒಂದೊಂದು ಕೀಲಿಕೈ. ಉಳಿದ ಮೂರು ಸ್ಟೆಪ್ನಿಗಳಲ್ಲಿ ಮೇಷ್ಟ್ರದ್ದು ಅವರ ಮನೆಯಲ್ಲಿ ಟೀಪಾಯಿಯಾಯಿತು, ಮೇಡಮ್ಮನದು ಹೂವಿನ ಕುಂಡವಾಯಿತು, ರಿಜಿಸ್ಟರಪ್ಪನದು ಹಿತ್ತಲ ಮರಕ್ಕೆ ಜೋಕಾಲಿಯಾಯಿತು.

ಮತ್ತೆ ರಿಜಿಸ್ಟರ್. ಅದಿಲ್ಲದೆ ಹೇಗೆ? ತಾರೀಕು, ವೇಳೆ, ಯಾವ ಚಕ್ರ, ಏನು ಕಾರಣ, ಎಷ್ಟು ಕಿಲೋಮೀಟರು, ಕೊನೆಗೆ ಇಬ್ಬರು ಸಾಕ್ಷಿಗಳ ಸಹಿ.

ಎಲ್ಲರೂ ಒಪ್ಪಿದರು, ಮಾವನೊಬ್ಬರನ್ನು ಬಿಟ್ಟು.

ಮಾವ ಬಸ್ ಡ್ರೈವರಾಗಿದ್ದವರು. ಮೂವತ್ತೊಂದು ವರ್ಷ ಗಾಡಿ ಓಡಿಸಿ, ಒಂದು ಗೀರು ಮಾಡದೆ ನಿವೃತ್ತರಾದವರು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತಮ್ಮ ಮದುವೆ ಫೋಟೋಗಿಂತ ಒಂದು ಗೇಣು ಮೇಲೆ ತೂಗುಹಾಕಿದವರು. “ಸ್ಟೆಪ್ನಿ ಇಲ್ಲದ ಗಾಡಿ ಹತ್ತೋದಕ್ಕಿಂತ ನಾನು ನಡ್ಕೊಂಡೇ ಹೋಗ್ತೀನಿ, ಅಳಿಯಂದ್ರೇ” ಎಂದಿದ್ದರು.

“ಒಂದು ವರ್ಷ ನೋಡಿ ಮಾವ. ಯೋಜನೆ ಗೆದ್ರೆ ಏನು ಮಾಡ್ತೀರಾ?”

“ಗೆದ್ರೆ ನಿಮ್ಮ ಸಭೇಲಿ ಎದ್ದು ನಿಂತು, ‘ಅಳಿಯಂದ್ರು ಹೇಳಿದ್ದೇ ಸರಿ’ ಅಂತೀನಿ.”

ಈ ಮಾತು ರಿಜಿಸ್ಟರಪ್ಪನ ಎದೆಯಲ್ಲಿ ಗೂಟ ಹೊಡೆದಂತೆ ಕೂತುಬಿಟ್ಟಿತು. ಮದುವೆಯಾಗಿ ಹದಿನೆಂಟು ವರ್ಷ. ‘ನೀವು ಹೇಳಿದ್ದು ಸರಿ’ ಎಂದು ಮಾವನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. “ಇವತ್ತು ಸೆಕೆ ಜಾಸ್ತಿ ಅಲ್ವಾ ಮಾವ?” ಎಂದು ಬೆವರು ಒರೆಸಿಕೊಳ್ಳುತ್ತ ಕೇಳಿದರೂ, ಅವರು ತಮ್ಮ ಬೆವರು ಒರೆಸಿಕೊಳ್ಳುತ್ತ, “ಹಾಗೇನೂ ಹೇಳಕ್ಕಾಗಲ್ಲ” ಎನ್ನುತ್ತಿದ್ದರು.

ಆ ವರ್ಷಕ್ಕೆ ಈ ಭಾನುವಾರ ಕೊನೆಯ ದಿನ. ಸಂಜೆ ಐದಕ್ಕೆ ಸಭೆ. ಪಕ್ಕದ ದೊಡ್ಡ ಕಟ್ಟಡದ ಅಧ್ಯಕ್ಷರೂ ಬರುವವರಿದ್ದರು, ಅವರ ಇಪ್ಪತ್ತು ಕಾರಿಗೂ ಇದೇ ಯೋಜನೆ ಬೇಕಂತೆ. ಮಾವ ತಮ್ಮೂರಿನಿಂದ ಹನ್ನೊಂದರ ಬಸ್ಸಿಗೆ ಬಂದು ಇಳಿಯುವವರು. ರಿಜಿಸ್ಟರಪ್ಪ ಕನ್ನಡಿಯ ಮುಂದೆ ಭಾಷಣವನ್ನು ಎರಡು ಸಲ ಒಪ್ಪಿಸಿ, ಅವರನ್ನು ಕರೆತರಲು ಹತ್ತೂಕಾಲಿಗೆ ಹೊರಟ. ಬಸ್ ನಿಲ್ದಾಣದ ರಸ್ತೆಯಲ್ಲಿ, ಒಂದು ಕಟಿಂಗ್ ಶಾಪಿನ ಎದುರಿಗೆ, ಕಾರು ಕುಂಟತೊಡಗಿತು.

ಇಳಿದು ನೋಡಿದ. ಚಕ್ರ ನೆಲಕ್ಕೆ ಅಂಟಿಕೊಂಡಿತ್ತು. ರಿಜಿಸ್ಟರಪ್ಪನ ಮುಖ ಅರಳಿತು.

ಇದಕ್ಕಿಂತ ಬೇರೆ ಏನು ಬೇಕು? ಕೊನೆಯ ದಿನ, ಮಾವ ಬರುವ ಹೊತ್ತಿಗೆ ಸರಿಯಾಗಿ, ಅವರ ಕಣ್ಣೆದುರೇ ಪ್ರಾತ್ಯಕ್ಷಿಕೆ!

“ಸಾರ್, ಪಂಕ್ಚರ್ರು” ಎಂದ ಕಟಿಂಗ್ ಶಾಪಿನವನು, ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಬಾಗಿಲಿಗೆ ಬಂದು.

“ಹೌದು!” ಎಂದ ರಿಜಿಸ್ಟರಪ್ಪ, ಮಗ ಹುಟ್ಟಿದ ಸುದ್ದಿ ಒಪ್ಪಿಕೊಳ್ಳುವವನ ಹಾಗೆ.

“ಸ್ಟೆಪ್ನಿ ತೆಗೀರಿ, ನಾನೂ ಒಂದು ಕೈ ಹಾಕ್ತೀನಿ.”

“ಸ್ಟೆಪ್ನಿ ಇಲ್ಲ.”

ಒಳಗೆ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ಕುರ್ಚಿಯನ್ನೇ ತಿರುಗಿಸಿಕೊಂಡ. “ಸ್ಟೆಪ್ನಿ ಇಲ್ವಾ?”

“ಇದೆ. ಆದ್ರೆ ಇಲ್ಲಿ ಇಲ್ಲ. ಅದೇ ಅದರ ವಿಶೇಷ” ಎಂದು ರಿಜಿಸ್ಟರಪ್ಪ ಯೋಜನೆಯನ್ನು ಮೊದಲಿನಿಂದ ವಿವರಿಸಿದ. “ಈಗ ನೋಡ್ತಾ ಇರಿ. ಒಂದು ಫೋನು, ಅಷ್ಟೇ. ಇಪ್ಪತ್ತೈದು ನಿಮಿಷದಲ್ಲಿ ಸ್ಟೆಪ್ನಿ ಇಲ್ಲಿಗೆ ಬರತ್ತೆ.”

“ಡಿಕ್ಕೀಲಿ ಇದ್ದಿದ್ರೆ ಅರ್ಧ ನಿಮಿಷಕ್ಕೆ ಬರ್ತಿತ್ತು” ಎಂದ ಗಿರಾಕಿ.

ಅಂಥವರಿಗೆ ಉತ್ತರ ಕೊಡಬಾರದು. ರಿಜಿಸ್ಟರಪ್ಪ ಮನೆಗೆ ಫೋನು ಮಾಡಿದ.

“ಲೇ, ಕಪಾಟಿನ ಬೀಗ ತೆಗಿ! ಸ್ಟೆಪ್ನಿ ಕಳಿಸು. ಪಂಕ್ಚರ್ ಆಗಿದೆ!”

“ಪಂಕ್ಚರ್ ಆಗಿದ್ದಕ್ಕೆ ಇಷ್ಟು ಖುಷಿನಾ?” ಎಂದಳು ಹೆಂಡತಿ. ಆಮೇಲೆ, “ಯಾವ ಚಕ್ರ?”

“ಹಿಂದಿನದು. ಎಡಗಡೆ.”



“ರೀ... ಎಡಗಡೇದೇನಾ? ಸರಿಯಾಗಿ ನೋಡಿದ್ರಾ?”

“ಎಡ ಬಲ ಗೊತ್ತಾಗಲ್ವಾ ನಂಗೆ? ಬೇಗ ಕಪಾಟು ನೋಡು.”

“ಕಪಾಟಲ್ಲಿ ಜಾಕಿ ಇದೆ. ಸ್ಪಾನರ್ ಇದೆ. ಸ್ಟೆಪ್ನಿ ಇಲ್ಲ.”

ಆ ಕಪಾಟಿನ ಬಾಗಿಲು ತೆಗೆದರೆ ಮೂರನೇ ಮನೆಗೆ ಕೇಳುವಷ್ಟು ಕಿರ್ರೆನ್ನುತ್ತಿತ್ತು. ಇವತ್ತು ಕಿರ್ರೆನ್ನಲಿಲ್ಲ. ಆದರೆ ಕೇಳಿಸದ ಸದ್ದನ್ನು ಗಮನಿಸುವ ಸ್ಥಿತಿಯಲ್ಲಿ ರಿಜಿಸ್ಟರಪ್ಪ ಇರಲಿಲ್ಲ.

“ಇಲ್ಲ ಅಂದ್ರೆ? ನಾನು ಪ್ರತಿ ಭಾನುವಾರ ನೋಡ್ತೀನಿ!”

“ಕಪಾಟು ತೆಗೆದು ನೋಡ್ತೀರಾ?”

“ರಿಜಿಸ್ಟರ್ ತೆಗೆದು ನೋಡ್ತೀನಿ! ಯಾರೂ ತಗೊಂಡಿದ್ದೀನಿ ಅಂತ ಬರೆದಿಲ್ಲ ಅಂದ್ರೆ ಇದೆ ಅಂತ್ಲೇ ಅರ್ಥ. ಇದೆ ಅಂತ ಸಹಿ ಹಾಕ್ತೀನಿ. ಇವತ್ತು ಬೆಳಿಗ್ಗೇನೂ ಹಾಕಿದ್ದೀನಿ.”

“ರೀ, ನನ್ನ ಮಾತು ಕೇಳಿ. ಯಾರಿಗೂ ಫೋನ್ ಮಾಡ್ಬೇಡಿ. ಅಪ್ಪ ಬರ್ಲಿ. ಅಲ್ಲೀವರೆಗೆ ಸುಮ್ನೆ ಇರಿ.”

“ಮಾವ ಬರೋದ್ರೊಳಗೆ ಸ್ಟೆಪ್ನಿ ಬರ್ಬೇಕು ಕಣೇ! ಇಷ್ಟೆಲ್ಲ ಮಾಡ್ತಿರೋದು ಯಾಕೆ ಮತ್ತೆ?” ಎಂದು ಫೋನು ಇಟ್ಟ.

ಅವನ ಆತ್ಮವಿಶ್ವಾಸಕ್ಕೆ ಇನ್ನೂ ಏನೂ ಆಗಿರಲಿಲ್ಲ. ನಾಲ್ಕು ಕೀಲಿಕೈ. ತನ್ನ ಮನೆಯಿಂದ ಎಂಟ್ರಿ ಇಲ್ಲ. ಹಾಗಾದರೆ ಉಳಿದ ಮೂವರಲ್ಲಿ ಒಬ್ಬರು. ಆಸ್ಪತ್ರೆಯಲ್ಲಿ ಕಾಣೆಯಾದ ಹದಿನಾಲ್ಕು ಥರ್ಮಾಮೀಟರು ಪತ್ತೆ ಮಾಡಿದವನಿಗೆ ಇದೊಂದು ಲೆಕ್ಕವೇ?

ಮೊದಲು ಡಾಕ್ಟರು. ಭಾನುವಾರವೂ ಅವರು ಕ್ಲಿನಿಕ್ಕಿನಲ್ಲಿದ್ದರು. ಎರಡೂ ಕೈ ಯಾರದೋ ಬಾಯೊಳಗಿದ್ದದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿಸಿದರು.

“ಡಾಕ್ಟ್ರೇ, ಆ ಸ್ಟೆಪ್ನಿ ಮೊದಲು ನಿಮ್ದೇ ಅಲ್ವಾ. ತಮ್ಮ ವಸ್ತು ಅಂದ್ರೆ ಯಾರಿಗಾದ್ರೂ ಒಂದು ಮಮತೆ ಇರತ್ತೆ. ನಂಗೆ ಅರ್ಥ ಆಗತ್ತೆ. ಎಲ್ಲಿಟ್ಟಿದ್ದೀರಿ ಹೇಳಿ, ಯಾರಿಗೂ ಹೇಳಲ್ಲ.”

“ಏನಂದ್ರಿ?” ಡಾಕ್ಟರ ದನಿ ಇಕ್ಕಳದಂತೆ ಬಿಗಿಯಾಯಿತು. “ಹಲ್ಲನ್ನೇ ಎರಡು ಸಲ ಕೇಳಿ ಕೀಳೋನು ನಾನು. ಟೈರು ಹೇಳದೆ ಕೀಳ್ತೀನಾ? ಹೋಗಿ ಮೇಷ್ಟ್ರನ್ನ ಕೇಳಿ. ಹೋದ ತಿಂಗಳು ಅದನ್ನ ಮಕ್ಕಳ ಮುಂದೆ ಇಟ್ಟು ಚಿತ್ರ ಬರೆಸ್ತಾ ಇದ್ದದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ.”

“ಆ... ಆ...” ಎಂದಿತು ಬಾಯಿ ತೆರೆದಿದ್ದ ರೋಗಿಯ ದನಿ.

ಮೇಷ್ಟ್ರಿಗೆ ಫೋನು ಹೋಯಿತು. “ತಗೊಂಡಿದ್ದು ನಿಜ” ಎಂದರು ಅವರು. “ಮಕ್ಕಳಿಗೆ ವೃತ್ತ ಬರಲ್ಲ ಸಾರ್, ಎಲ್ಲಾ ಆಲೂಗಡ್ಡೆ ಬರೀತಾವೆ. ಎರಡು ಗಂಟೆ ಇಟ್ಕೊಂಡು ವಾಪಸ್ ಇಟ್ಟೆ.”

“ರಿಜಿಸ್ಟರಲ್ಲಿ ಯಾಕೆ ಬರೀಲಿಲ್ಲ?”

“ಕಾರಣ ಅನ್ನೋ ಜಾಗದಲ್ಲಿ ಏನು ಬರೀಲಿ? ಕಲೆ ಅಂತ ಬರೀಲಾ? ನನ್ನನ್ನ ಕೇಳೋ ಬದಲು ಆ ಮೇಡಮ್ಮನ್ನ ಕೇಳಿ. ಗಾಳಿ ಎದ್ದಾಗೆಲ್ಲ ಅದನ್ನ ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಭಾರಕ್ಕೆ ಇಡ್ತಾರೆ.”

ಮೇಡಮ್ಮ ಫೋನು ಎತ್ತುವಷ್ಟರಲ್ಲೇ ವಿಷಯ ಅವರಿಗೆ ಮುಟ್ಟಿತ್ತು. “ಹೌದ್ರೀ, ಇಟ್ಟೆ. ನಿಮ್ಮನ್ನ ಕರೆದು, ಇಬ್ಬರು ಸಾಕ್ಷಿ ಹುಡುಕಿ, ಕಿಲೋಮೀಟರು ಬರೆಯೋಷ್ಟರಲ್ಲಿ ಮುಚ್ಚಳ ಪಕ್ಕದೂರಿಗೆ ಹಾರಿ ಹೋಗಿರೋದು! ಗಾಳಿ ನಿಂತ್ಮೇಲೆ ವಾಪಸ್ ಇಟ್ಟಿದ್ದೀನಿ. ಇಪ್ಪತ್ತಾರು ವರ್ಷದಿಂದ ಊರಿನೋರ ಪತ್ರ ಈ ಕೈಯಲ್ಲಿ ಹಾದು ಹೋಗಿವೆ, ಒಂದನ್ನೂ ಬೆಳಕಿಗೆ ಹಿಡಿದು ಕೂಡ ನೋಡಿಲ್ಲ. ನನ್ನನ್ನ ಟೈರ್ ಕಳ್ಳಿ ಅಂತೀರಾ? ಅಲ್ಲೇ ಇರಿ, ಬರ್ತೀನಿ!”

ಇಪ್ಪತ್ತೈದು ನಿಮಿಷಕ್ಕೆ ಸರಿಯಾಗಿ ಸ್ಟೆಪ್ನಿ ಬರಲಿಲ್ಲ. ಮೂರು ಕಾರು ಬಂದವು.

ಕುಂಟಿ ನಿಂತ ಕಾರಿನ ಹಿಂದೆ ಅದರದೇ ಮೂರು ಪಡಿಯಚ್ಚುಗಳು ಸಾಲಾಗಿ ನಿಂತಾಗ ರಸ್ತೆಯ ಜನ ಏನೋ ಪ್ರದರ್ಶನವಿರಬೇಕೆಂದು ಗುಂಪು ಸೇರಿದರು. ಡಾಕ್ಟರು ರೋಗಿಯನ್ನೂ ಕರೆತಂದಿದ್ದರು. ಕೆಲಸ ಅರ್ಧಕ್ಕೆ ನಿಂತಿತ್ತು, ಬಿಟ್ಟು ಬರುವ ಹಾಗಿರಲಿಲ್ಲ. ಬಾಯಿಗೆ ಹತ್ತಿ ತುರುಕಿಸಿಕೊಂಡು ಇಳಿದವರನ್ನು ನೋಡಿ ರಿಜಿಸ್ಟರಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. ಪಕ್ಕದ ದೊಡ್ಡ ಕಟ್ಟಡದ ಅಧ್ಯಕ್ಷರು! ಸಂಜೆ ಯೋಜನೆ ನೋಡಲು ಬರಬೇಕಿದ್ದವರು ಬೆಳಿಗ್ಗೆಯೇ ನೋಡಲು ಬಂದಿದ್ದರು.

“ನಮಸ್ಕಾರ ಸಾರ್. ಇದು... ಒಂದು ಸಣ್ಣ ಪರೀಕ್ಷೆ” ಎಂದ.

“ಊಂ” ಎಂದರು ಅಧ್ಯಕ್ಷರು. ಹತ್ತಿ ಅದಕ್ಕಿಂತ ಹೆಚ್ಚಿಗೆ ಬಿಡಲಿಲ್ಲ.

ಮೇಡಮ್ಮ ತಮ್ಮ ಡಿಕ್ಕಿ ತೆರೆದರು. “ನೋಡ್ಕೊಳ್ಳಿ, ಎಲ್ಲಿದೆ ಟೈರು?” ಮೇಷ್ಟ್ರು ತೆರೆದರು, ಕ್ಯಾನ್ವಾಸು ಉರುಳಿಬಿತ್ತು. ಡಾಕ್ಟರು ತೆರೆದರು, ದೊಡ್ಡದೊಂದು ಪ್ಲಾಸ್ಟಿಕ್ ದವಡೆ ಹಲ್ಲು ಕಿರಿಯಿತು. ಕಟಿಂಗ್ ಶಾಪಿನವನು ಒಂದೊಂದು ಡಿಕ್ಕಿಗೂ ಇಣುಕಿ, “ಇದ್ರಲ್ಲೂ ಸ್ಟೆಪ್ನಿ ಇಲ್ಲ... ಇದ್ರಲ್ಲೂ ಇಲ್ಲ” ಎಂದು ಗಿರಾಕಿಗೆ ವರದಿ ಒಪ್ಪಿಸುತ್ತಿದ್ದ. ನೊರೆ ಒಣಗಿ ಗಿರಾಕಿಯ ಗಲ್ಲ ಸುಣ್ಣದ ಗೋಡೆಯಂತಾಗಿತ್ತು. ಆದರೂ ಅವನಿಗೆ ಅವಸರವಿರಲಿಲ್ಲ.

“ಸಂಜೆ ಸಭೇಲಿ ನೀವು ಕ್ಷಮೆ ಕೇಳ್ಬೇಕು” ಎಂದರು ಮೇಡಮ್ಮ.

“ಸತ್ಯ ಹೊರಗೆ ಬರ್ಲಿ, ಯಾರು ಕೇಳ್ಬೇಕು ಅಂತ ಆಮೇಲೆ ನೋಡೋಣ” ಎಂದ ರಿಜಿಸ್ಟರಪ್ಪ. ದನಿ ಇನ್ನೂ ಗಟ್ಟಿಯಾಗಿಯೇ ಇತ್ತು.

“ಮೊದಲು ಈ ಚಕ್ರ ಬಿಚ್ಚಿ ಪಂಕ್ಚರ್ ಅಂಗಡಿಗೆ ತಗೊಂಡು ಹೋಗೋಣ. ರಸ್ತೇಲಿ ಇದೇನು ನಾಟಕ?” ಎಂದು ಮೇಷ್ಟ್ರು ತೋಳು ಮಡಿಚಿದರು. ಮೇಡಮ್ಮ ಸಿಟ್ಟಿನಲ್ಲೂ ಬುದ್ಧಿವಂತರು. ಕಪಾಟಿನಿಂದ ಜಾಕಿ, ಸ್ಪಾನರ್ ಎತ್ತಿಕೊಂಡು ಬಂದಿದ್ದರು. ಡಾಕ್ಟರು ನಟ್ಟುಗಳನ್ನು ಒಂದೊಂದಾಗಿ, ಅಲುಗಾಡಿಸಿ ಅಲುಗಾಡಿಸಿ, ರಕ್ತ ಬರದ ಹಾಗೆ ಕಿತ್ತರು. ಮೇಷ್ಟ್ರು ಚಕ್ರವನ್ನು ಹೊರಗೆಳೆದು, ತಿರುಗಿಸಿ, ಕಾರಿಗೆ ಒರಗಿಸಿದರು.

ಒರಗಿಸಿದವರು ಹಾಗೇ ಮಂಡಿಯೂರಿ ಕೂತುಬಿಟ್ಟರು.

“ಇದು ನನ್ನ ಅಕ್ಷರ” ಎಂದರು.

ಚಕ್ರದ ಒಳಮಗ್ಗುಲಲ್ಲಿ, ಧೂಳಿನ ನಡುವೆಯೂ ಹೊಳೆಯುತ್ತ, ಮುತ್ತಿನಂಥ ಹಳದಿ ಅಕ್ಷರಗಳು ಇಡೀ ರಸ್ತೆಯನ್ನು ನೋಡುತ್ತಿದ್ದವು: ಸಾಮೂಹಿಕ ಸ್ವತ್ತು.

ಎಲ್ಲರೂ ಬಗ್ಗಿ ಅದನ್ನೇ ಓದಿದರು. ಅಧ್ಯಕ್ಷರು ಮಾತ್ರ, “ಊಂ?” ಎಂದರು.

“ಅಲ್ಲ ಸ್ವಾಮಿ” ಎಂದರು ಡಾಕ್ಟರು ನಿಧಾನವಾಗಿ, “ನನ್ನ ಸ್ಟೆಪ್ನೀನ ನಿಮ್ಮ ಗಾಡಿಗೆ ಹಾಕ್ಕೊಂಡು ಓಡಾಡ್ತಾ, ಅದರ ಮೇಲೇ ಕೂತ್ಕೊಂಡು ಬಂದು, ನನಗೆ ಫೋನ್ ಮಾಡಿ, ಎಲ್ಲಿಟ್ಟಿದ್ದೀರಿ ಅಂತ ಕೇಳ್ತೀರಲ್ಲ!”

“ಸಾಧ್ಯವೇ ಇಲ್ಲ!” ರಿಜಿಸ್ಟರಪ್ಪನ ದನಿ ಮೊದಲ ಬಾರಿಗೆ ಬಿರುಕು ಬಿಟ್ಟಿತು. “ಎಂಟ್ರೀನೇ ಇಲ್ಲ! ಇಲ್ಲಿರಬೇಕಾದದ್ದು ನನ್ನ ಚಕ್ರ. ನಂಬರ್ ಮೂರು!”

“ಮತ್ತೆ ಆ ನಂಬರ್ ಮೂರು ಎಲ್ಲಿ? ಮಾರ್ಕೊಂಡ್ರಾ?” ಎಂದರು ಮೇಡಮ್ಮ.

“ಕದ್ದವನೇ ಕಳ್ಳನ್ನ ಹುಡುಕ್ತಾ ಇದ್ನಂತೆ” ಎಂದು ಗಿರಾಕಿ ಒಳಗಿನಿಂದ ಪಕ್ಕದ ಬೆಂಚಿನವನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಸರಿಯಾಗಿ ಆಗ ಒಂದು ಆಟೋ ಬಂದು ನಿಂತಿತು. ಒಳಗಿನಿಂದ ಮೊದಲು ಒಂದು ದೊಡ್ಡ ಗುಂಡನೆ ಗಂಟು, ಅದರ ಹಿಂದೆ ಮಾವ ಇಳಿದರು. ನಿಲ್ದಾಣದಲ್ಲಿ ಕಾದು ಬೇಸತ್ತು ಮಗಳಿಗೆ ಫೋನು ಮಾಡಿ, ಎಲ್ಲಿಗೆ ಬರಬೇಕೆಂದು ಕೇಳಿಕೊಂಡಿದ್ದರು.

ಮಾವ ಬಂದು ನೋಡಿದರು. ಬಿಚ್ಚಿದ ಚಕ್ರ. ಹಳದಿ ಅಕ್ಷರ. ಸುತ್ತ ನಿಂತ ಜನ. ಅವರ ಮುಖದಲ್ಲಿ ಏನೋ ಒಂದು ಬಂದು ಹೋಯಿತು, ಎದುರಿಗೆ ಲಾರಿ ಬಂದಾಗ ಡ್ರೈವರನ ಮುಖದಲ್ಲಿ ಬಂದು ಹೋಗುತ್ತದಲ್ಲ, ಹಾಗೆ. ಮರುಕ್ಷಣ ಸ್ಟೀರಿಂಗು ಅವರ ಕೈಗೆ ಬಂದಿತ್ತು.

“ಏನಾಯ್ತು, ಅಳಿಯಂದ್ರೇ?” ಎಂದರು ತಣ್ಣಗೆ. “ಸ್ಟೆಪ್ನಿ ಇಲ್ವಾ?”

ಮಾವ ಗಂಟಿನ ಮುಂದೆ ಕೂತು ಬಟ್ಟೆ ಬಿಚ್ಚಿದರು. ಒಳಗೆ ಒಂದು ಚಕ್ರ! ತೊಳೆದು, ಒರೆಸಿ, ಗಾಳಿ ತುಂಬಿದ, ಅದೇ ಬಗೆಯ ಕಾರಿನ ಚಕ್ರ.

ಗುಂಪಿನಿಂದ ಒಂದು ದೊಡ್ಡ ಉದ್ಗಾರ ಹೊರಟಿತು.

“ಅಯ್ಯೋ, ಅಲ್ಲಿಂದ ಹೊತ್ಕೊಂಡು ಬಂದ್ರಾ?” ಎಂದರು ಮೇಡಮ್ಮ.

“ಹೊತ್ಕೊಂಡು ಬರದೆ?” ಎಂದರು ಮಾವ. “ಮಗಳ ಮನೇಲಿ ಗಾಡಿ ಇದೆ, ಗಾಡೀಲಿ ಸ್ಟೆಪ್ನಿ ಇಲ್ಲ. ಹೆತ್ತೋರಿಗೆ ನಿದ್ದೆ ಬರತ್ತಾ?”

ಮೇಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರು ಕೈಮುಗಿದರು. ಕಟಿಂಗ್ ಶಾಪಿನವನು, “ಇದು ನೋಡಿ, ಹಿರಿಯರು ಅಂದ್ರೆ” ಎಂದ. ಗಿರಾಕಿ ಕುರ್ಚಿಯಿಂದಲೇ ಎದ್ದು ನಿಂತ.

ರಿಜಿಸ್ಟರಪ್ಪ ಮಾತ್ರ ನೆಲದ ಮೇಲೆ ಬಿದ್ದಿದ್ದ ಬಟ್ಟೆಯನ್ನೇ ನೋಡುತ್ತಿದ್ದ. ನೀಲಿ ಪಟ್ಟೆಯ ಬೆಡ್‌ಶೀಟು. ಮೂಲೆಯಲ್ಲಿ ಕೆಂಪು ದಾರದ ನಂಬರು, ಏಳು. ಮೂರು ವಾರದಿಂದ ಮನೆಯ ರಿಜಿಸ್ಟರಿನಲ್ಲಿ ‘ಬೆಡ್‌ಶೀಟ್ 7, ಹುಡುಕಬೇಕು’ ಎಂದು ಕೂತಿದ್ದದ್ದು ಇದೇ. ಮೂರು ವಾರದ ಹಿಂದೆ ಮಾವ ಬಂದಿದ್ದರು. ಕಣ್ಣಿನ ಆಸ್ಪತ್ರೆಗೆಂದು ಅವನ ಕಾರು ತಗೊಂಡು ಹೋಗಿದ್ದರು. ಎರಡು ದಿನ ಇರುತ್ತೇನೆಂದವರು ಮಾರನೇ ದಿನವೇ, ಅವನು ಡ್ಯೂಟಿಯಲ್ಲಿದ್ದಾಗ, ಹೇಳದೆ ಕೇಳದೆ ಹೊರಟುಹೋಗಿದ್ದರು.

ಅಷ್ಟರಲ್ಲಿ ಮಾವ ಚಕ್ರ ಎತ್ತಿ ಜೋಡಿಸುತ್ತಿದ್ದರು. ಒಳಮಗ್ಗುಲು ಅರೆಕ್ಷಣ ರಿಜಿಸ್ಟರಪ್ಪನ ಕಡೆ ತಿರುಗಿತು. ರಿಮ್ಮಿನ ಅಂಚಿನಲ್ಲಿ ಸುತ್ತಿಗೆಯ ಹೊಸ ಏಟುಗಳು. ಅದರ ಪಕ್ಕದಲ್ಲಿ ಬಿಳಿ ಬಣ್ಣದ ಮೂರು. ಕೊನೆಯಲ್ಲಿ ಬೆಕ್ಕಿನ ಬಾಲ.

“ಮಾವ!” ಎಂದು ಕಿರುಚಿದ. “ಇದು ನಂದು! ಇದೇ ನಂಬರ್ ಮೂರು! ಒಳಗೆ ಬರೆದಿದೆ ನೋಡಿ!”

ಎಲ್ಲರೂ ಬಗ್ಗುವಷ್ಟರಲ್ಲಿ ಚಕ್ರ ಒಳಮಗ್ಗುಲನ್ನು ಒಳಗೆ ಮಾಡಿಕೊಂಡು ಕೂತಾಗಿತ್ತು. ಮಾವನ ಕೈಯಲ್ಲಿ ನಟ್ಟುಗಳು ಸರಸರ ಬಿಗಿಯಾಗುತ್ತಿದ್ದವು.

“ಟೈರಿನ ಮೇಲೆ ಕಂಪನಿಯವರೂ ನಂಬರ್ ಹಾಕ್ತಾರೆ ಸಾರ್” ಎಂದರು ಮೇಷ್ಟ್ರು ಕನಿಕರದಿಂದ.

“ನಿಮ್ಮ ಚಕ್ರ ಅವರೂರಿಗೆ ಹೇಗೆ ಹೋಯ್ತು? ಉರುಳ್ಕೊಂಡಾ?” ಎಂದರು ಮೇಡಮ್ಮ. “ರಿಜಿಸ್ಟರಲ್ಲಿ ಇದೆಯಾ?”

ಎಲ್ಲರೂ ನಕ್ಕರು. ಅಧ್ಯಕ್ಷರ ಹತ್ತಿ ಹೊರಗೆ ಬಿತ್ತು.

ಮನೆಗೆ ಹೋದವನೇ ರಿಜಿಸ್ಟರಪ್ಪ ಹೆಂಡತಿಯನ್ನು ಅಡುಗೆಮನೆಯ ಮೂಲೆಗೆ ಕರೆದ. ಕೇಳುವ ಮೊದಲೇ ಅವಳು ಹೇಳಿಬಿಟ್ಟಳು. ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡ ಅಪ್ಪ, ಕಣ್ಣಿನ ಡಾಕ್ಟರು ಬೇಡವೆಂದರೂ ಗಾಡಿ ತೆಗೆದು, ತಿರುವಿನಲ್ಲಿ ಫುಟ್‌ಪಾತಿನ ಕಲ್ಲಿಗೆ ಹತ್ತಿಸಿಬಿಟ್ಟಿದ್ದರು. ರಿಮ್ಮು ಸೊಟ್ಟಗಾಗಿ ಟೈರು ನೆಲಕಚ್ಚಿತ್ತು. ಮಗಳಿಗೆ ಫೋನು ಮಾಡಿದರು. ಅವಳು ಕಪಾಟಿನ ಸ್ಟೆಪ್ನಿ, ಜಾಕಿ ಎಲ್ಲ ಆಟೋಗೆ ಹಾಕಿಕೊಂಡು ಓಡಿದಳು. ಸೊಟ್ಟ ಚಕ್ರವನ್ನು ಮಾವ ತಮ್ಮ ಹಳೇ ಡಿಪೋದ ಮೆಕ್ಯಾನಿಕ್ಕಿನ ಹತ್ತಿರ ನೆಟ್ಟಗೆ ಮಾಡಿಸಲು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋದರು. ಇವತ್ತು ಯಾರಿಗೂ ಗೊತ್ತಾಗದ ಹಾಗೆ ವಾಪಸ್ ಜೋಡಿಸುವುದೆಂದು ಅಪ್ಪ ಮಗಳ ಒಪ್ಪಂದ.

“ಮೂವತ್ತೊಂದು ವರ್ಷ ಒಂದು ಗೀರಿಲ್ಲ ಅಂತ ಹೇಳ್ಕೊಂಡು ಬಂದವರು ರೀ. ಬಾಯಿ ಬಿಡ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು.”

“ಅದಿರ್ಲಿ. ಫೋನ್ ಬಂದ ಎಷ್ಟು ಹೊತ್ತಿಗೆ ಸ್ಟೆಪ್ನಿ ತಲುಪಿಸ್ದೆ?”

“ಹದಿನೈದು ನಿಮಿಷ ಆಗಿರ್ಬೇಕು.”

“ಹದಿನೈದು!” ರಿಜಿಸ್ಟರಪ್ಪನ ಕಣ್ಣು ತುಂಬಿ ಬಂತು. “ನಾನು ಇಪ್ಪತ್ತೈದು ಅಂದ್ಕೊಂಡಿದ್ದೆ ಕಣೇ! ಹದಿನೈದೇ! ಯೋಜನೆ ಗೆದ್ದಿದೆ! ಅದೂ ಮಾವನ ಕೈಯಲ್ಲೇ! ರಿಜಿಸ್ಟರಲ್ಲಿ ಯಾಕೆ ಬರೀಲಿಲ್ಲ ನೀನು?”

“ಇಬ್ಬರು ಸಾಕ್ಷಿ ಸಹಿ ಬೇಕಿತ್ತಲ್ಲ” ಎಂದಳು ಅವಳು. “ನಾನೊಬ್ಬಳೇ ಇದ್ದೆ.”

“ಹೋಗ್ಲಿ, ಸಂಜೆ ಸಭೇಲಿ ಎದ್ದು ಹೇಳು.”

ಹೆಂಡತಿ ನಡುಮನೆಯ ಕಡೆ ನೋಡಿದಳು. ಅಲ್ಲಿ ಮಾವ ಮೇಡಮ್ಮನಿಗೂ ಡಾಕ್ಟರಿಗೂ ಮಂಜು ಕವಿದ ಘಾಟಿಯಲ್ಲಿ ಬಸ್ಸು ಓಡಿಸಿದ ಕತೆ ಹೇಳುತ್ತಿದ್ದರು. ಕೈಯಲ್ಲಿ ಕಾಣದ ಸ್ಟೀರಿಂಗು ತಿರುಗುತ್ತಿತ್ತು. ಮುಖ ಮದುವೆ ಮನೆಯ ದೀಪದ ಹಾಗೆ ಬೆಳಗುತ್ತಿತ್ತು.

“ನೀವೇ ಹೇಳಿ” ಎಂದಳು. “ಆ ಮುಖ ನೋಡ್ಕೊಂಡು ಹೇಳಕ್ಕಾದ್ರೆ.”

ಐದಕ್ಕೆ ಸಭೆ ಸೇರಿತು. ನಾಲ್ಕು ನಿಮಿಷದಲ್ಲಿ ಯೋಜನೆ ರದ್ದಾಯಿತು. ದೊಡ್ಡ ಕಟ್ಟಡದವರ ಇಪ್ಪತ್ತು ಕಾರಿನಲ್ಲಿ ಇಪ್ಪತ್ತು ಸ್ಟೆಪ್ನಿಯೂ ಇದ್ದಲ್ಲೇ ಇರಲೆಂದು ಅಧ್ಯಕ್ಷರು, ಹೊಸದಾಗಿ ಸಿಕ್ಕ ಬಾಯಿಯಿಂದ, ಘೋಷಿಸಿದರು. ಡಾಕ್ಟರ ಸ್ಟೆಪ್ನಿ ಡಾಕ್ಟರಿಗೆ. ರಿಜಿಸ್ಟರಪ್ಪ ಮೂರು ಮನೆಗೂ ಕ್ಷಮೆ ಕೇಳಿದ. ಕೊನೆಗೆ ಹಿರಿಯರು ಎರಡು ಮಾತಾಡಬೇಕೆಂದು ಎಲ್ಲರೂ ಪಟ್ಟುಹಿಡಿದರು.

ಮಾವ ಎದ್ದರು. ಅಳಿಯನನ್ನೇ ನೋಡಿದರು. “ನಮ್ಮ ಅಳಿಯಂದ್ರು...” ಎಂದು ನಿಲ್ಲಿಸಿದರು. ರಿಜಿಸ್ಟರಪ್ಪ ಕುರ್ಚಿಯ ತುದಿಗೆ ಸರಿದ.

“...ಬಹಳ ಒಳ್ಳೆಯವ್ರು” ಎಂದರು ಮಾವ. “ಆದ್ರೆ ಗಾಡಿ ವಿಷಯದಲ್ಲಿ ಇನ್ನೂ ಚಿಕ್ಕವರು.”

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಎಲ್ಲರೂ ಹೋದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ರಿಜಿಸ್ಟರಪ್ಪ ಹಿತ್ತಲ ಮರ ಹತ್ತಿ ಜೋಕಾಲಿಯ ಹಗ್ಗ ಬಿಚ್ಚುತ್ತಿದ್ದ. ನಾಳೆಯಿಂದ ಅವನ ಸ್ಟೆಪ್ನಿ ಮತ್ತೆ ಡಿಕ್ಕಿಗೆ ಹೋಗಬೇಕಿತ್ತು. ಕೆಳಗೆ ಯಾರೋ ಬಂದು ಚಕ್ರವನ್ನು ಎರಡು ಕೈಯಲ್ಲಿ ಆನಿಸಿ ಹಿಡಿದರು. ಮಾವ.

ಆಮೇಲೆ ಅತ್ತ ಇತ್ತ ನೋಡಿ, ಎಲೆ ಅಲುಗಿದಷ್ಟು ಮೆಲ್ಲಗೆ ಹೇಳಿದರು:

“ಅಳಿಯಂದ್ರೇ, ನೀವು ಹೇಳಿದ್ದೇ ಸರಿ. ಆವತ್ತು ಆ ಕಪಾಟಿನ ಸ್ಟೆಪ್ನಿ ಇಲ್ಲದಿದ್ರೆ ನನ್ನ ಮಾನ ನಡುರಸ್ತೇಲಿ ಹೋಗ್ತಿತ್ತು.”

ರಿಜಿಸ್ಟರಪ್ಪ ಕೊಂಬೆಯ ಮೇಲೇ ಗಕ್ಕನೆ ಕೂತ. ಹದಿನೆಂಟು ವರ್ಷ! ಕಿವಿಯನ್ನು ನಂಬಲಾಗಲಿಲ್ಲ.

“ಮಾವ! ಇನ್ನೊಂದು ಸಲ! ಸ್ವಲ್ಪ ಜೋರಾಗಿ! ಇರಿ, ಅವಳನ್ನ ಕರೀತೀನಿ, ಮೇಡಮ್ಮನ್ನ ಕರೀತೀನಿ...”

“ಏನನ್ನ?” ಎಂದರು ಮಾವ, ಬಿಚ್ಚಿದ ಚಕ್ರವನ್ನು ಕಾರಿನ ಕಡೆಗೆ ಉರುಳಿಸುತ್ತ. “ನಾನು ಏನಾದ್ರೂ ಹೇಳಿದ್ನಾ?”

“ಹೇಳಿದ್ರಿ ಮಾವ! ಈಗ ತಾನೆ ಹೇಳಿದ್ರಿ!”

“ಹಾಗಾ?” ಮಾವ ತಿರುಗಿ ನೋಡಲಿಲ್ಲ. “ರಿಜಿಸ್ಟರಲ್ಲಿ ಇದೆಯಾ?”